ಹಳೆ ಜೋಡು ನಳಿಗೆ ಕೋವಿಗೆ ಸೀಸವಿಲ್ಲದ ತೋಟಾ: ಯಾವುದು ಹಾಕಬಹುದು, ಯಾವುದು ಬೇಡ

ನಮ್ಮ ಅಕ್ಕನ ಮಗ ಅಮೆರಿಕದ ಮಿನ್ನೆಸೋಟದಲ್ಲಿದ್ದಾನೆ. ಅಲ್ಲಿ ಕೆರೆಗಳಿಗೂ ಬರ ಇಲ್ಲ, ಬಾತುಕೋಳಿಗಳಿಗೂ ಬರ ಇಲ್ಲ. ಲೈಸೆನ್ಸ್ ತಗೊಂಡು, ಸೀಸನ್ ಇರುವಾಗ, ದಿನಕ್ಕೆ ಇಷ್ಟೇ ಎಂಬ ಲೆಕ್ಕದಲ್ಲಿ ಹೊಡೆಯಬಹುದು. ಆದರೆ ನೀರುಹಕ್ಕಿಗೆ ಸೀಸದ ತೋಟಾ ಹಾಕುವಂತಿಲ್ಲ. ಇತ್ತೀಚೆಗೆ ಅವನು ಹರಾಜಿನಲ್ಲಿ ಬರ್ಮಿಂಗ್‌ಹ್ಯಾಮ್‌ನ ಹಳೆಯ 12 ಬೋರ್ (ಬೋರ್ ಅಂದರೆ ನಳಿಗೆಯ ಅಗಲದ ಅಳತೆ) ಡಬಲ್ ಬ್ಯಾರಲ್ ಒಂದನ್ನು ಕೊಂಡ. ತೋಟಾ ಕೊಳ್ಳೋಕೆ ಹೋದರೆ ಅಂಗಡಿಯವನು "ಸ್ಟೀಲ್ ತಗೋ, ಎಲ್ಲರೂ ಅದನ್ನೇ ಹಾಕೋದು" ಅಂದನಂತೆ. ಜೊತೆಗಿದ್ದ ಸ್ನೇಹಿತ "ಹಳೆ ಕೋವಿಗೆ ಸ್ಟೀಲ್ ಹಾಕಿದ್ರೆ ನಳಿಗೆ ಸೀಳಿ ಹೋಗುತ್ತೆ" ಅಂತ ಹೆದರಿಸಿದ್ದಾನೆ. ದಾವಣಗೆರೆಗೆ ಫೋನ್ ಬಂತು: "ಮಾಮ, ಯಾರ ಮಾತು ಕೇಳಲಿ?"

ಇಬ್ಬರ ಮಾತೂ ಅರ್ಧ ಸರಿ, ಅರ್ಧ ತಪ್ಪು. ಯಾವ ತೋಟಾ ಅನ್ನೋದನ್ನು ಹಳೆ ಕೋವಿಯೇ ಹೇಳಬೇಕು. ಅದನ್ನು ಬಿಚ್ಚಿ ಮೇಜಿನ ಮೇಲಿಟ್ಟು ನೋಡುವ ತನಕ ಅಂಗಡಿಗೆ ಹೋಗೋದೇ ದಂಡ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದು ನಮ್ಮೂರಲ್ಲಿ ಹಕ್ಕಿ ಹೊಡೆಯೋಕೆ ಸಲಹೆ ಅಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಹೊಸದರಲ್ಲಿ ಕೆಲವು ಪ್ರಾಣಿಪಕ್ಷಿಗಳ ಬೇಟೆಗೆ ಲೈಸೆನ್ಸ್ ಕೊಡುವ ಅವಕಾಶ ಇತ್ತು. 1991ರ ತಿದ್ದುಪಡಿ ಅದನ್ನೂ ತೆಗೆದುಹಾಕಿತು. ಸೂಳೆಕೆರೆಯ ಬಾತು, ಜಗಳೂರು ಕಡೆಯ ಗೌಜಲಹಕ್ಕಿ, ಶೇಂಗಾ ಹೊಲಕ್ಕೆ ಇಳಿಯುವ ನವಿಲು, ಯಾವುದರ ತಂಟೆಗೂ ಹೋಗುವಂತಿಲ್ಲ. ಮನೆಯ ಕೋವಿಗೆ ಬೆಳೆ ರಕ್ಷಣೆ ಅಂತ ಲೈಸೆನ್ಸ್ ಇದ್ದರೂ ಅದು ಹಕ್ಕಿ ಹೊಡೆಯುವ ಪರವಾನಗಿ ಅಲ್ಲ. ಇದನ್ನು ಬರೆಯುತ್ತಿರೋದು ಬೇಟೆಗೆ ಕಾನೂನಿನ ಒಪ್ಪಿಗೆ ಇರುವ ದೇಶಗಳಲ್ಲಿ ನೆಲೆಸಿದ ನಮ್ಮ ದಾವಣಗೆರೆ, ಚಿತ್ರದುರ್ಗದ ಹುಡುಗರಿಗೆ. ಜೊತೆಗೆ, ತಾತನ ಕಾಲದ ಕೋವಿ ಮನೆಯಲ್ಲಿದ್ದು ಅದರ ಒಳಗುಟ್ಟು ತಿಳಿಯಬೇಕು ಅನ್ನುವವರಿಗೆ.

ಸೀಸ ಯಾಕೆ ಬೇಡ ಅನ್ನೋದರಿಂದಲೇ ಶುರು ಮಾಡೋಣ. ಒಂದು ತೋಟಾದಲ್ಲಿ ನೂರರಿಂದ ಮುನ್ನೂರರವರೆಗೆ ಚರೆ, ಅಂದರೆ ಸಣ್ಣ ಗುಂಡು ಇರುತ್ತವೆ. ಹಕ್ಕಿಗೆ ತಗಲುವುದು ಕೆಲವೇ ಕೆಲವು. ಉಳಿದದ್ದೆಲ್ಲ ನೀರಿಗೆ, ಕೆಸರಿಗೆ. ಬಾತುಕೋಳಿಗೆ ಹಲ್ಲಿಲ್ಲ. ಕಾಳು ಅರೆಯೋಕೆ ಸಣ್ಣ ಸಣ್ಣ ಕಲ್ಲು ನುಂಗಿ ಹೊಟ್ಟೆಯ ಗಟ್ಟಿ ಮಾಂಸದ ಚೀಲದಲ್ಲಿ ಇಟ್ಟುಕೊಳ್ಳುತ್ತದೆ. ನಾಟಿಕೋಳಿ ಕೊಯ್ದವರಿಗೆ ಈ ಕಲ್ಲುಗಳು ಗೊತ್ತೇ ಇರುತ್ತವೆ. ಕೆಸರಿನಲ್ಲಿ ಬಿದ್ದ ಚರೆಯನ್ನೂ ಅದು ಕಲ್ಲೋ ಕಾಳೋ ಅಂದುಕೊಂಡು ನುಂಗುತ್ತದೆ. ಒಳಗೆ ಕಲ್ಲು ಅದನ್ನು ತಿಕ್ಕುತ್ತದೆ, ಹೊಟ್ಟೆಯ ಆಮ್ಲ ಕರಗಿಸುತ್ತದೆ, ಸೀಸ ರಕ್ತಕ್ಕೆ ಇಳಿಯುತ್ತದೆ. ರೆಕ್ಕೆ ಜೋತು ಬೀಳುತ್ತದೆ. ತಿಂದದ್ದು ಮುಂದಕ್ಕೆ ಹೋಗುವುದಿಲ್ಲ. ಹಕ್ಕಿ ದಿನದಿನಕ್ಕೆ ಒಣಗಿ ಸಾಯುತ್ತದೆ. ಅದನ್ನು ತಿಂದ ಹದ್ದಿಗೂ ಅದೇ ವಿಷ.

ಫ್ರಾಂಕ್ ಬೆಲ್‌ರೋಸ್ ಎಂಬ ಅಮೆರಿಕದ ಪಕ್ಷಿವಿಜ್ಞಾನಿ 1959ರಲ್ಲೇ ಇದರ ಲೆಕ್ಕ ಹಾಕಿದ್ದರು. ಉತ್ತರ ಅಮೆರಿಕದ ನೀರುಹಕ್ಕಿಗಳಲ್ಲಿ ಶೇಕಡಾ 2ರಿಂದ 3ರಷ್ಟು ಪ್ರತಿವರ್ಷ ಸೀಸದ ವಿಷಕ್ಕೆ ಸಾಯುತ್ತವೆ ಅನ್ನೋದು ಅವರ ಅಂದಾಜು. ಅಷ್ಟಿದ್ದೂ, ನೀರುಹಕ್ಕಿ ಬೇಟೆಯಲ್ಲಿ ಸೀಸ ಬೇಡ ಅನ್ನೋ ನಿಯಮ ಅಮೆರಿಕದಲ್ಲಿ ದೇಶಪೂರ್ತಿ ಜಾರಿಯಾಗಿದ್ದು 1991ರಲ್ಲಿ. ಡೆನ್ಮಾರ್ಕ್ 1996ರಲ್ಲಿ ಸೀಸದ ಚರೆಯನ್ನೇ ನಿಲ್ಲಿಸಿತು. ಕೆನಡಾ ಮತ್ತು ಇಂಗ್ಲೆಂಡಿನಲ್ಲಿ ನೀರುಹಕ್ಕಿಗಳ ಮಟ್ಟಿಗೆ 1999ರಲ್ಲಿ ನಿಯಮ ಬಂತು. ಐರೋಪ್ಯ ಒಕ್ಕೂಟದ ಜೌಗು ಪ್ರದೇಶಗಳಲ್ಲಿ 2023ರ ಫೆಬ್ರವರಿಯಿಂದ ಸೀಸ ಇಲ್ಲ. ಕ್ಯಾಲಿಫೋರ್ನಿಯಾದಲ್ಲಂತೂ 2019ರ ಜುಲೈಯಿಂದ ಯಾವ ಬೇಟೆಗೂ ಇಲ್ಲ. ಅಮೆರಿಕದಲ್ಲಿ ಬಾತು ಬೇಟೆಗೆ ಹೋದವನ ಜೇಬಿನಲ್ಲಿ ಒಂದೇ ಒಂದು ಸೀಸದ ತೋಟಾ ಸಿಕ್ಕಿದರೂ ತಪ್ಪೇ, ಹೊಡೆದಿರಲಿ ಬಿಡಲಿ. ಸೀಸದ ಮೇಲೆ ತಾಮ್ರದ ಅಥವಾ ನಿಕಲ್ ಲೇಪ ಇರುವ ಚರೆ ನೋಡೋಕೆ ಬೇರೆ ಥರ ಕಂಡರೂ ಅದು ಸೀಸವೇ.

ತಿನ್ನುವವರಿಗೂ ಇದು ಬಿಟ್ಟಿದ್ದಲ್ಲ. ಚರೆ ಮಾಂಸದೊಳಗೆ ಸವೆದು ಕಣ್ಣಿಗೆ ಕಾಣದಷ್ಟು ಸಣ್ಣ ಚೂರು ಉಳಿಸಿ ಹೋಗುತ್ತದೆ. ಸೀಸ ಹುಳಿಯಲ್ಲಿ ಕರಗುತ್ತದೆ. ಹುಣಸೆಹುಳಿ ಹಾಕಿ ಕುದಿಸುವ ನಮ್ಮ ಸಾರಿಗೆ ಇದು ಒಳ್ಳೆ ಸುದ್ದಿ ಅಲ್ಲ ಅಲ್ವಾ? ಮಕ್ಕಳ ರಕ್ತದಲ್ಲಿ ಇಷ್ಟು ಸೀಸ ಇದ್ದರೆ ಪರವಾಗಿಲ್ಲ ಅನ್ನುವ ಮಟ್ಟವೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಸರಿ, ಸೀಸ ಬೇಡ. ಹಾಗಾದರೆ ಸ್ಟೀಲ್ ಹಾಕಿದರೆ ಹಳೆ ಕೋವಿಗೆ ಏನಾಗುತ್ತದೆ?

ನಳಿಗೆಯ ಒಳಗೆ ಆಗೋದನ್ನು ನಿಧಾನವಾಗಿ ನೋಡೋಣ. ಮದ್ದು ಉರಿಯುತ್ತದೆ, ಒತ್ತಡ ಏರುತ್ತದೆ, ವ್ಯಾಡ್ ಎಂಬ ಬಟ್ಟಲಿನಲ್ಲಿ ಕೂತ ಚರೆಯ ರಾಶಿ ಮುಂದಕ್ಕೆ ಓಡುತ್ತದೆ. ನಳಿಗೆಯ ತುದಿಯಲ್ಲಿ ದಾರಿ ಸ್ವಲ್ಪ ಕಿರಿದಾಗುತ್ತದೆ, ಅದೇ ಚೋಕ್. ಸೀಸ ಮೆತ್ತಗಿನ ಲೋಹ. ಕಿರಿದಾದಲ್ಲಿ ಒಂದಕ್ಕೊಂದು ಒತ್ತಿಕೊಂಡು, ಸ್ವಲ್ಪ ಚಪ್ಪಟೆಯಾಗಿ ದಾಟಿಹೋಗುತ್ತದೆ. ಸ್ಟೀಲ್ ಹಾಗೆ ಬಗ್ಗುವುದಿಲ್ಲ. ಮುಷ್ಟಿಯಲ್ಲಿ ಹುಣಸೆಹಣ್ಣು ಹಿಂಡಿದರೆ ತಿರುಳು ಬೆರಳ ಸಂದಿಯಲ್ಲಿ ಜಾರಿ ಬರುತ್ತದೆ, ಬೀಜ ಬರಬೇಕಾದರೆ ಬೆರಳೇ ಅಗಲವಾಗಬೇಕು. ಇಲ್ಲಿ ಅಗಲವಾಗೋದು ನಳಿಗೆ. ಚೋಕ್ ಶುರುವಾಗುವ ಜಾಗದಲ್ಲಿ ಉಂಗುರದ ಹಾಗೆ ಒಂದು ಉಬ್ಬು ಬರುತ್ತದೆ. ಸಾಮಾನ್ಯವಾಗಿ ಕೋವಿ ಸಿಡಿಯುವುದಿಲ್ಲ, ಆದರೆ ಆ ನಳಿಗೆ ಕೆಟ್ಟ ಹಾಗೇ. ಎರಡು ನಳಿಗೆಗಳನ್ನು ಹಿಡಿದಿಟ್ಟ ನಡುವಿನ ಪಟ್ಟಿಯ ಬೆಸುಗೆಯೂ ಬಿಡಬಹುದು.

ಎರಡನೆಯದು ವೇಗ. ಸೀಸದ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 11 ಗ್ರಾಂ, ಸ್ಟೀಲಿನದು 8ಕ್ಕೂ ಕಡಿಮೆ. ಹಗುರ ಚರೆ ಗಾಳಿಯಲ್ಲಿ ಬೇಗ ಸೋಲುತ್ತದೆ. ಅದಕ್ಕೇ ಕಂಪನಿಗಳು ಸ್ಟೀಲ್ ತೋಟಾವನ್ನು ಹೆಚ್ಚು ವೇಗಕ್ಕೆ ತಯಾರಿಸುತ್ತವೆ. ಹೊಸ ಕೋವಿಗೆ ಅದು ಲೆಕ್ಕಕ್ಕಿಲ್ಲ, ಹಳೆಯದಕ್ಕೆ ಭಾರ.

ಮೂರನೆಯದು ನಳಿಗೆಯ ಒಳಮೈ ಗೀಚುವುದು. ಸ್ಟೀಲ್ ತೋಟಾದಲ್ಲಿ ದಪ್ಪ ಪ್ಲಾಸ್ಟಿಕ್ ವ್ಯಾಡ್ ಇರುತ್ತದೆ, ಚರೆ ನಳಿಗೆಗೆ ತಾಗದ ಹಾಗೆ ಕಾಯೋದು ಅದೇ. ಇಲ್ಲೊಂದು ಎಚ್ಚರಿಕೆ. ಸ್ಟೀಲ್ ಚರೆ ಅಂತ ಹೆಸರಿದ್ದರೂ ಅದು ನಿಜಕ್ಕೂ ಹದ ಮಾಡಿದ ಮೆತ್ತನೆ ಕಬ್ಬಿಣ. ಸೈಕಲ್ ಶಾಪಿನ ಬಾಲ್ಸ್ ಅಲ್ಲ. "ಬೇರಿಂಗ್ ಗುಂಡು ತುಂಬಿದ್ರೆ ಆಯ್ತು, ಅದೂ ಸ್ಟೀಲೇ ತಾನೇ" ಅನ್ನುವ ಜಾಣರು ಎಲ್ಲ ಊರಲ್ಲೂ ಸಿಗುತ್ತಾರೆ. ಬೇರಿಂಗ್ ಗುಂಡು ನಳಿಗೆಯ ಉಕ್ಕಿಗಿಂತ ಎಷ್ಟೋ ಗಟ್ಟಿ. ಅಂಥ ಕೋವಿಯ ಪಕ್ಕ ನಿಲ್ಲಲೂ ಬೇಡಿ.

ಈಗ ಕೋವಿಯನ್ನು ಮೇಜಿನ ಮೇಲಿಡಿ. ಮೊದಲು ಖಾಲಿ ಇದೆಯಾ ನೋಡಿ, ಆಮೇಲೆ ಇನ್ನೊಂದು ಸಲ ನೋಡಿ. ಮುಂದಿನ ಕಟ್ಟಿಗೆಯ ಹಿಡಿ ತೆಗೆದು, ನಳಿಗೆಗಳನ್ನು ಬಿಡಿಸಿ, ತಲೆಕೆಳಗು ಮಾಡಿ. ಚೇಂಬರಿನ, ಅಂದರೆ ತೋಟಾ ಕೂರುವ ಗೂಡಿನ ಹತ್ತಿರ, ಚಪ್ಪಟೆ ಜಾಗದಲ್ಲಿ ಸಣ್ಣ ಸಣ್ಣ ಮುದ್ರೆಗಳು ಕಾಣುತ್ತವೆ. ಇವು ಪ್ರೂಫ್ ಗುರುತು. ಬ್ರಿಟನ್, ಬೆಲ್ಜಿಯಂಗಳಲ್ಲಿ ಮಾರುವ ಮೊದಲು ಪ್ರತಿ ಕೋವಿಯನ್ನೂ ಸಾಮಾನ್ಯಕ್ಕಿಂತ ಜೋರಾದ ತೋಟಾ ಹಾಕಿ ಪರೀಕ್ಷಿಸಿ ಈ ಮುದ್ರೆ ಒತ್ತುತ್ತಾರೆ. ಹೊಗೆಯಿಲ್ಲದ ಮದ್ದಿಗೆ, ಅಂದರೆ ಈಗಿನ ಮದ್ದಿಗೆ, ಪರೀಕ್ಷೆ ಆಗಿದೆಯಾ ಅನ್ನೋದು ಮುಖ್ಯ ಪ್ರಶ್ನೆ. ಬರ್ಮಿಂಗ್‌ಹ್ಯಾಮ್ ಕೋವಿಯಲ್ಲಿ ಕಿರೀಟದ ಕೆಳಗೆ 'ಎನ್‌ಪಿ' ಅಥವಾ 'ಬಿಎನ್‌ಪಿ' ಇದ್ದರೆ ಆಗಿದೆ. ಲಂಡನ್ನಿನದಾದರೆ ಕತ್ತಿ ಹಿಡಿದ ತೋಳಿನ ಕೆಳಗೆ 'ಎನ್‌ಪಿ' ಇರುತ್ತದೆ. ಬೆಲ್ಜಿಯಂನದಾದರೆ ಸಿಂಹದ ಕೆಳಗೆ 'ಪಿವಿ'. 'ನಾಟ್ ಫಾರ್ ಬಾಲ್' ಅಂತ ಇದ್ದರೆ ಆ ಕೋವಿ 1875ರಿಂದ 1887ರ ನಡುವಿನದು, ಕರಿಮದ್ದಿನ ಕಾಲದ್ದು. ಆಮೇಲೆ ಮತ್ತೆ ಪರೀಕ್ಷೆಯಾಗಿ ಹೊಸ ಗುರುತು ಬೀಳದಿದ್ದರೆ ಈಗಿನ ಯಾವ ತೋಟಾವೂ ಅದಕ್ಕೆ ಬೇಡ, ಸೀಸದ್ದೂ ಬೇಡ. ಅಮೆರಿಕದ ಹಳೆ ಕೋವಿಗಳಲ್ಲಿ ಇಂಥ ಗುರುತನ್ನು ಹುಡುಕಬೇಡಿ. ಅಲ್ಲಿ ಸರ್ಕಾರಿ ಪ್ರೂಫ್ ಪದ್ಧತಿಯೇ ಇಲ್ಲ.

ನಳಿಗೆಯ ಮೈಮೇಲೆ ಸುರುಳಿ ಸುರುಳಿಯಾದ, ನೀರಿನ ಅಲೆಯಂಥ ಗೆರೆ ಕಂಡರೆ ಅದು ಡಮಾಸ್ಕಸ್. ಕಬ್ಬಿಣ, ಉಕ್ಕಿನ ಪಟ್ಟಿಗಳನ್ನು ಹೆಣೆದು, ಸುತ್ತಿ, ಬೆಸೆದು ಮಾಡಿದ್ದು. ನೋಡೋಕೆ ಕಣ್ಣಿಗೆ ಹಬ್ಬ. ಆದರೆ ಬೆಸುಗೆಯ ಸಂದಿಗಳಲ್ಲಿ ನೂರು ವರ್ಷದ ತುಕ್ಕು ಎಲ್ಲಿ ಕೂತಿದೆ ಅಂತ ಹೊರಗಿನಿಂದ ಗೊತ್ತಾಗುವುದಿಲ್ಲ. ಕೆಲವರು ಮೇಲೆ ಕಪ್ಪು ಬಣ್ಣ ಹಿಡಿಸಿ ಗೆರೆ ಮುಚ್ಚಿರುತ್ತಾರೆ. ಡಮಾಸ್ಕಸ್ ನಳಿಗೆಗೆ ಸ್ಟೀಲ್ ಯಾವತ್ತೂ ಇಲ್ಲ. ಈಗಿನ ಮದ್ದಿನ ಪರೀಕ್ಷೆ ಪಾಸಾಗಿದ್ದು, ತಿಳಿದವರು ಅಳತೆ ಮಾಡಿ ಒಪ್ಪಿದ್ದರೆ ಮಾತ್ರ ಕಡಿಮೆ ಒತ್ತಡದ ಬಿಸ್ಮತ್ ತೋಟಾ (ಬಿಸ್ಮತ್ ಸ್ಟೀಲಿಗಿಂತ ಮೆತ್ತಗಿನ ಇನ್ನೊಂದು ಲೋಹ, ಮುಂದೆ ಹೇಳುತ್ತೇನೆ). ನನ್ನ ಕೇಳಿದರೆ, ಅದು ಗೋಡೆಗೇ ಚೆಂದ.

ಮುಂದೆ ಚೇಂಬರ್. ಜನ ಎಡವೋದು ಹೆಚ್ಚಾಗಿ ಇಲ್ಲೇ. ಬ್ರಿಟನ್ನಿನ ಹಳೆ 12 ಬೋರ್ ಕೋವಿಗಳ ಚೇಂಬರ್ ಎರಡೂವರೆ ಇಂಚು, ತೋಟಾ ಲೆಕ್ಕದಲ್ಲಿ 65 ಮಿಲಿಮೀಟರ್. ಈಗಿನ ಸಾಮಾನ್ಯ ತೋಟಾ 70 ಮಿಲಿಮೀಟರ್. ಆದರೂ 70ರ ತೋಟಾ 65ರ ಚೇಂಬರಿನೊಳಗೆ ಸಲೀಸಾಗಿ ಕೂರುತ್ತದೆ, ಕೋವಿ ಟಕ್ ಅಂತ ಮುಚ್ಚಿಕೊಳ್ಳುತ್ತದೆ. ಯಾಕೆಂದರೆ ತೋಟಾದ ಬಾಯಿ ಒಳಕ್ಕೆ ಮಡಚಿರುತ್ತದೆ. ಪೆಟ್ಟಿಗೆ ಮೇಲೆ ಬರೆದ ಉದ್ದ, ಹೊಡೆದು ಬಾಯಿ ಬಿಚ್ಚಿದ ಮೇಲಿನ ಉದ್ದ. ಹೊಡೆದಾಗ ಆ ಬಾಯಿ ಬಿಚ್ಚಿಕೊಂಡು ಚೇಂಬರ್ ದಾಟಿ, ನಳಿಗೆ ಕಿರಿದಾಗುವ ಜಾಗಕ್ಕೆ ಹೋಗಿ ದಾರಿಗೆ ಅಡ್ಡವಾಗುತ್ತದೆ. ಒತ್ತಡ ಜಿಗಿಯುತ್ತದೆ. "ಸರಿಯಾಗಿ ಕೂರುತ್ತೆ, ಹಾಗಾದ್ರೆ ಸರಿ" ಅನ್ನೋ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಅಮೆರಿಕದ ಹಳೆ 16 ಗೇಜ್ (ಬೋರ್‌ಗೆ ಅಲ್ಲಿನ ಹೆಸರು) ಕೋವಿಗಳಲ್ಲೂ ಇದೇ ತೊಂದರೆ, ಎಷ್ಟೋ ಕೋವಿಗಳ ಚೇಂಬರ್ ಈಗಿನದಕ್ಕಿಂತ ಗಿಡ್ಡ. ಪೆಟ್ಟಿಗೆ ಮೇಲೆ ಯಾವ ಚೇಂಬರಿಗೆ ಅಂತ ಬರೆದಿರುತ್ತದೆ, ಅದನ್ನು ಓದಿ. ಚೇಂಬರನ್ನು ಕೊರೆದು ಉದ್ದ ಮಾಡಿಸೋ ಯೋಚನೆ ಬಂದರೆ ಬಿಟ್ಟುಬಿಡಿ. ಅಲ್ಲಿ ಲೋಹ ತೆಳುವಾಗುತ್ತದೆ, ಹಳೆ ಪರೀಕ್ಷೆಯ ಮುದ್ರೆಗೂ ಬೆಲೆ ಇರುವುದಿಲ್ಲ.

ಕೈಯಲ್ಲೇ ಮಾಡಬಹುದಾದ ಒಂದೆರಡು ಪರೀಕ್ಷೆ ಇವೆ. ಬಿಡಿಸಿದ ನಳಿಗೆಯನ್ನು ಕೆಳಗಿನ ಕೊಕ್ಕೆಯಿಂದ ಬೆರಳಿಗೆ ತೂಗುಬಿಟ್ಟು ಮೆಲ್ಲಗೆ ತಟ್ಟಿ. ಗಂಟೆಯ ಹಾಗೆ ನಾದ ಬಂದರೆ ನಡುವಿನ ಪಟ್ಟಿ ಗಟ್ಟಿಯಾಗಿದೆ. ಜರ್ ಅಂತ ಒಡಕು ಸದ್ದು ಬಂದರೆ ಬೆಸುಗೆ ಎಲ್ಲೋ ಬಿಟ್ಟಿದೆ. ಆಮೇಲೆ ನಳಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಒಳಗೆ ನೋಡಿ, ನಿಧಾನವಾಗಿ ತಿರುಗಿಸಿ. ಒಳಗೆ ಕಾಣುವ ಬೆಳಕಿನ ಬಳೆಗಳು ದುಂಡಗೆ, ಒಂದೇ ಸಮ ಇರಬೇಕು. ಎಲ್ಲಾದರೂ ಕಪ್ಪು ಉಂಗುರದಂತೆ ನೆರಳು ಕಂಡರೆ ಅಲ್ಲಿ ಉಬ್ಬಿದೆ ಅಂತ ಅರ್ಥ. ಅದೇ ಜಾಗದಲ್ಲಿ ಹೊರಗಿನಿಂದ ಹೆಬ್ಬೆರಳು ಓಡಿಸಿದರೆ ಎಷ್ಟೋ ಸಲ ಕೈಗೇ ಸಿಗುತ್ತದೆ.

ಇಷ್ಟಾದ ಮೇಲೂ ಕೋವಿ ರಿಪೇರಿ ಬಲ್ಲವರ ಕೈಗೆ ಕೊಡಲೇಬೇಕು. ಗೋಡೆಯ ದಪ್ಪ ಅಳೆಯೋ ಸಾಧನ ಅವರ ಹತ್ತಿರ ಮಾತ್ರ ಇರುತ್ತದೆ. ಬ್ರಿಟನ್ನಿನ ಕಸುಬುದಾರರು ನಳಿಗೆಯ ಅತಿ ತೆಳುವಾದ ಜಾಗದಲ್ಲೂ 20 ಥೌ (ಥೌ ಅಂದರೆ ಇಂಚಿನ ಸಾವಿರದಲ್ಲಿ ಒಂದು ಭಾಗ), ಅಂದರೆ ಅರ್ಧ ಮಿಲಿಮೀಟರ್ ಇರಲಿ ಅನ್ನುತ್ತಾರೆ. 12 ಬೋರಿನ ಒಳವ್ಯಾಸ 729 ಥೌ. ಮುದ್ರೆಯಲ್ಲಿರುವ ಅಳತೆಗಿಂತ 10 ಥೌ ಜಾಸ್ತಿ ಸವೆದಿದ್ದರೆ ಆ ಕೋವಿ ಪ್ರೂಫ್ ಕಳೆದುಕೊಂಡ ಹಾಗೆ. ನಮ್ಮ ದೇಶದಲ್ಲಾದರೆ 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ರಿಪೇರಿಗೂ ಲೈಸೆನ್ಸ್ ಬೇಕು. ಕೈ ಎಷ್ಟೇ ಪಳಗಿದ್ದರೂ ಲೇತ್ ಅಂಗಡಿಯವರ ಕೆಲಸ ಅಲ್ಲ ಇದು.

ಚೋಕ್ ಎಷ್ಟಿದೆ ಅನ್ನೋದನ್ನೂ ಅವರೇ ಅಳೆದು ಹೇಳಲಿ. ಫುಲ್ ಅಂದರೆ ತುದಿ ಸುಮಾರು 40 ಥೌ ಕಿರಿದು, ಹಾಫ್ ಅಂದರೆ 20. ಹಳೆ ಜೋಡು ನಳಿಗೆಗಳಲ್ಲಿ ಎಡ ನಳಿಗೆ ಹೆಚ್ಚಾಗಿ ಬಿಗಿ.

ಈಗ ತೋಟಾಗಳ ಕಡೆ ಬರೋಣ. ಬಿಸ್ಮತ್ ಹಳೆ ಕೋವಿಯ ದೊಡ್ಡ ಆಸರೆ. ಸಾಂದ್ರತೆ ಸುಮಾರು 9.6, ಸೀಸಕ್ಕೂ ಸ್ಟೀಲಿಗೂ ನಡುವೆ. ಮೆತ್ತಗಿದೆ, ಚೋಕ್‌ನಲ್ಲಿ ಜಗಳ ಮಾಡುವುದಿಲ್ಲ. ಎರಡೂವರೆ ಇಂಚಿನ, ಕಡಿಮೆ ಒತ್ತಡದ ತೋಟಾಗಳಲ್ಲೂ ಸಿಗುತ್ತದೆ. ವಿಷವೇ ಅಂತ ಕೇಳಿದರೆ, ಹೊಟ್ಟೆ ಹುಣ್ಣಿಗೆ ಡಾಕ್ಟರು ಕೊಡುವ ಕೆಲವು ಮಾತ್ರೆಗಳಲ್ಲಿ ಇರೋದು ಇದೇ ಬಿಸ್ಮತ್‌ನ ಲವಣ. ದೋಷವೂ ಇದೆ. ಅದು ಪುಡಿಯಾಗುವ ಜಾತಿ, ಹಾಗಾಗಿ ತವರ ಬೆರೆಸುತ್ತಾರೆ. ಬಿಗಿ ಚೋಕ್‌ನಲ್ಲಿ ಕೆಲವು ಚರೆ ಚೂರಾಗಬಹುದು. ಬೆಲೆ ಸ್ಟೀಲಿನ ಹಲವು ಪಟ್ಟು.

ಟಂಗ್‌ಸ್ಟನ್ ಮ್ಯಾಟ್ರಿಕ್ಸ್ ಅಂತ ಇನ್ನೊಂದಿದೆ. ಟಂಗ್‌ಸ್ಟನ್ ಪುಡಿಯನ್ನು ಪ್ಲಾಸ್ಟಿಕ್‌ನಂಥ ಅಂಟಿನಲ್ಲಿ ಕಲಸಿ ಮಾಡಿದ್ದು. ತೂಕ, ಮೆತ್ತಗಿನ ಗುಣ ಎರಡರಲ್ಲೂ ಸೀಸಕ್ಕೆ ಬಹಳ ಹತ್ತಿರ. ಸಿಕ್ಕರೆ ಹಳೆ ಕೋವಿಗೆ ಚೆನ್ನಾಗಿ ಒಪ್ಪುತ್ತದೆ, ಜೇಬಿಗೆ ಅಷ್ಟಾಗಿ ಒಪ್ಪುವುದಿಲ್ಲ. ಹೆಸರಲ್ಲಿ ಟಂಗ್‌ಸ್ಟನ್ ಇದೆ ಅಂತ ಎಲ್ಲವೂ ಒಂದೇ ಅಂದುಕೊಳ್ಳಬೇಡಿ. ಟಿಎಸ್‌ಎಸ್ (ಟಂಗ್‌ಸ್ಟನ್ ಸೂಪರ್ ಶಾಟ್) ಎಂಬ ಚರೆಯ ಸಾಂದ್ರತೆ 18, ಗಟ್ಟಿತನದಲ್ಲಿ ಸ್ಟೀಲನ್ನೂ ಮೀರಿಸುತ್ತದೆ. ಅದು ಹೊಸ ಕೋವಿಗಳ ಮಾಲು. ಸತುವಿನ ಚರೆ ಕಂಡರೂ ಬೇಡ, ಅದೂ ಹಕ್ಕಿಗೆ ವಿಷ.

ಸ್ಟೀಲ್ ಪೂರ್ತಿ ಬೇಡವಾ? ಹಾಗೇನಿಲ್ಲ. ಯುರೋಪಿನ ನಿಯಮದಲ್ಲಿ ಎರಡು ಬಗೆ ಇದೆ, ಸ್ಟ್ಯಾಂಡರ್ಡ್ ಮತ್ತು ಹೈ ಪರ್ಫಾರ್ಮೆನ್ಸ್. ಎರಡನೆಯದು ನಳಿಗೆಯ ಮೇಲೆ ಲಿಲ್ಲಿ ಹೂವಿನ ಮುದ್ರೆ ಇರುವ ಕೋವಿಗಳಿಗೆ ಮಾತ್ರ. ಆ ಮುದ್ರೆ ಇರುವ ಕೋವಿಯಲ್ಲೂ 4 ಮಿಲಿಮೀಟರಿಗಿಂತ ದೊಡ್ಡ ಚರೆಯಾದರೆ ಚೋಕ್ ಹಾಫ್ ದಾಟಬಾರದು. ತಾತನ ಕೋವಿಯಲ್ಲಿ ಈ ಹೂವು ಇರಲ್ಲ. ಈಗಿನ ಮದ್ದಿಗೆ ಪಾಸಾದ, ಗೋಡೆ ದಪ್ಪಗಿರುವ, 70ರ ಚೇಂಬರಿನ, ಹಾಫ್ ಅಥವಾ ಅದಕ್ಕಿಂತ ಸಡಿಲ ಚೋಕ್ ಇರುವ ಕೋವಿಗೆ ಸ್ಟ್ಯಾಂಡರ್ಡ್ ಸ್ಟೀಲ್ ನಡೆಯುತ್ತದೆ. ಈಗಿನ ಮದ್ದಿಗೆ ಪಾಸಾಗಿಲ್ಲ, ಇಲ್ಲವೇ ಗೋಡೆ ಕಸುಬುದಾರರು ಹೇಳುವ ಅಳತೆಗಿಂತ ತೆಳು ಅಂತಾದರೆ ಯಾವ ತೋಟಾವೂ ಬೇಡ. ಉಳಿದದ್ದರಲ್ಲಿ ಒಂದಕ್ಕೆ ಇಲ್ಲ ಅಂತ ಉತ್ತರ ಬಂದರೂ ಬಿಸ್ಮತ್, ಅದೂ ಚೇಂಬರಿನ ಉದ್ದಕ್ಕೆ ಹೊಂದುವಂಥದ್ದು.

ಚರೆಯ ನಂಬರ್ ಆರಿಸುವಾಗ ಅಮೆರಿಕದ ಲೆಕ್ಕ ಸುಲಭ. 17ರಲ್ಲಿ ನಂಬರ್ ಕಳೆಯಿರಿ, ಬಂದದ್ದು ಇಂಚಿನ ನೂರನೇ ಭಾಗದಲ್ಲಿ ವ್ಯಾಸ. 4ನೇ ನಂಬರ್ ಅಂದರೆ 0.13 ಇಂಚು, 2ನೇ ನಂಬರ್ ಅಂದರೆ 0.15. ಸೀಸದ ಬದಲು ಸ್ಟೀಲ್ ಹಾಕುವಾಗ ಎರಡು ನಂಬರ್ ದೊಡ್ಡದು ಹಾಕಿ ಅಂತ ಹೇಳೋದು ಸುಮ್ನೆ ಅಲ್ಲ. ಒಂದು ಔನ್ಸಿಗೆ 4ನೇ ನಂಬರಿನ ಸೀಸದ ಚರೆ ಸುಮಾರು 135, 2ನೇ ನಂಬರಿನ ಸ್ಟೀಲ್ ಸುಮಾರು 125. ಒಂದೊಂದು ಚರೆಯ ತೂಕ ಹತ್ತಿರ ಹತ್ತಿರ ಸಮ ಬರುತ್ತದೆ. ಬಿಸ್ಮತ್ ಆದರೆ ಒಂದು ನಂಬರ್ ದೊಡ್ಡದು ಸಾಕು. ಬ್ರಿಟನ್ನಿನ ನಂಬರ್ ಬೇರೆ. ಅವರ 6 ಅಂದರೆ 2.6 ಮಿಲಿಮೀಟರ್, ಅಮೆರಿಕದ 6 ಅಂದರೆ 2.8. ಪೆಟ್ಟಿಗೆ ಯಾವ ದೇಶದ್ದು ಅಂತ ನೋಡಿಯೇ ನಂಬರ್ ನಂಬಿ.

ಕೊನೆಗೆ ಕಾಗದದ ಪರೀಕ್ಷೆ. ದೊಡ್ಡ ಹಾಳೆಗೆ 30 ಗಜದಿಂದ ಒಂದು ಸಲ ಹೊಡೆದು, ಚರೆ ದಟ್ಟವಾಗಿ ಬಿದ್ದ ಕಡೆ 30 ಇಂಚಿನ ವೃತ್ತ ಎಳೆಯಿರಿ. ಒಳಗೆ ಒಂದು ಹಕ್ಕಿ ತೂರಿ ಹೋಗುವಷ್ಟು ಖಾಲಿ ಜಾಗ ಇದ್ದರೆ ಆ ತೋಟಾ ಆ ನಳಿಗೆಗೆ ಹೊಂದಿಲ್ಲ. ಸ್ಟೀಲ್ ಚರೆ ವಿರೂಪವಾಗದೆ ಒಟ್ಟಾಗಿ ಹೋಗುವುದರಿಂದ ಸಡಿಲ ಚೋಕ್‌ನಲ್ಲೂ ದಟ್ಟವಾಗಿ ಬೀಳುತ್ತದೆ. ಸೀಸದ ಕಾಲದ ದೂರದ ಏಟುಗಳನ್ನು ಮರೆಯಬೇಕು. ಹಳೆ ಕೋವಿ, ಮೆಲು ತೋಟಾ ಅಂದರೆ 35 ಗಜದೊಳಗಿನ ಹಕ್ಕಿಗೆ ಮಾತ್ರ. ಗಾಯಗೊಂಡು ಹಾರಿಹೋಗುವ ಬಾತು ಯಾವ ಲೋಹದ ಚರೆ ತಿಂದಿದ್ದರೂ ಸಾಯೋದು ನರಳಿಯೇ.

ನಮ್ಮ ಹುಡುಗನ ಕೋವಿಯ ಅಳತೆ ಬಂತು. ಕಿರೀಟದಡಿ ಎನ್‌ಪಿ, ಅಚ್ಚ ಉಕ್ಕಿನ ನಳಿಗೆ, ಚೇಂಬರ್ ಎರಡೂವರೆ ಇಂಚು, ಚೋಕ್ ಬಲಕ್ಕೆ ಕ್ವಾರ್ಟರ್, ಎಡಕ್ಕೆ ಫುಲ್. ಹಾಗಾಗಿ ಸ್ಟೀಲ್ ಇಲ್ಲ. ಎರಡೂವರೆ ಇಂಚಿನ, ಒಂದು ಔನ್ಸಿನ, 4ನೇ ನಂಬರಿನ ಬಿಸ್ಮತ್ ಹಾಕಿಕೋ, ಮೊದಲ ಏಟು ಬಲ ನಳಿಗೆಯದ್ದೇ ಇರಲಿ ಅಂದೆ. ಬಿಸ್ಮತ್ ಆಯಸ್ಕಾಂತಕ್ಕೆ ಅಂಟುವುದಿಲ್ಲ, ಸೀಸವೂ ಅಂಟುವುದಿಲ್ಲ, ಹಾಗಾಗಿ ಆಯಸ್ಕಾಂತ ಹಿಡಿದು ನೋಡಿದರೆ ಯಾವುದು ಯಾವುದು ಅಂತ ಗೊತ್ತಾಗಲ್ಲ. ತಪಾಸಣೆಗೆ ಬಂದವರಿಗೆ ತೋರಿಸೋಕೆ ತೋಟಾದ ಪೆಟ್ಟಿಗೆ ಜೊತೆಗೇ ಇರಲಿ ಅಂತಲೂ ಹೇಳಿದೆ. "ಪೆಟ್ಟಿಗೆ ರೇಟ್ ನೋಡಿದ್ರೆ ತಲೆ ತಿರುಗುತ್ತೆ ಮಾಮ" ಅಂದ. ಮಳೆ, ಕೆಸರು ಇರುವ ದಿನಕ್ಕೆ ಒಂದು ಸಾದಾ ಹೊಸ ಕೋವಿ ತಗೊಂಡು ಅದರಲ್ಲಿ ಸ್ಟೀಲ್ ಹೊಡಿ, ಹಳೇದನ್ನು ಒಣ ದಿನಕ್ಕೆ ಇಟ್ಟುಕೋ ಅಂದಿದ್ದೇನೆ. ಅವನ ಅಮ್ಮ ಎರಡನೇ ಕೋವಿಗೆ ಒಪ್ಪಬೇಕಷ್ಟೆ.